ಕೆರೆಯ ನೀರಿನ ಪರೀಕ್ಷೆ: ಬಿಳಿಯ ತಟ್ಟೆಯಿಂದ ಅಳೆಯುವ ಕ್ರಮ

ಬೇಸಗೆಯ ಕೊನೆಯಲ್ಲಿ, ಮೋಡ ಕವಿದು ಗಾಳಿಯಾಡದೆ ಒಂದೆರಡು ದಿವಸಗಳು ಕಳೆದ ಮೇಲೆ, ಬೆಳಗಿನ ಜಾವದಲ್ಲಿ ಕೆರೆಯ ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ಬಿಡುತ್ತಿರುವುದನ್ನೂ, ಹೊತ್ತು ಮೂಡುವುದರೊಳಗಾಗಿ ಸತ್ತು ಏರಿಯ ಮಗ್ಗುಲಿಗೆ ತೇಲಿ ಬರುವುದನ್ನೂ ಅನೇಕ ಗ್ರಾಮಸ್ಥರು ಕಂಡಿರುವರು. ಆಗ ಯಾರೋ ದ್ವೇಷದಿಂದ ನೀರಿಗೆ ವಿಷವನ್ನು ಬೆರೆಸಿದರೆಂಬ ಮಾತು ಹುಟ್ಟಿ, ಮೀನಿನ ಗುತ್ತಿಗೆದಾರನಿಗೂ ಊರಿನವರಿಗೂ, ಕೆರೆಯ ಮೇಲಣ ಹೊಲದವರಿಗೂ ಅಚ್ಚುಕಟ್ಟಿನವರಿಗೂ ವ್ಯಾಜ್ಯ ಬೆಳೆಯುವುದುಂಟು. ವಿಷಪ್ರಯೋಗವು ಎಂದೂ ನಡೆಯುವುದಿಲ್ಲವೆಂದಲ್ಲ. ಆದರೆ ಬೆಳಗಿನ ಜಾವದ ಇಂಥ ಸಾವಿಗೆ ಸಾಮಾನ್ಯವಾದ ಕಾರಣವು ನೀರಿನಲ್ಲಿ ಕರಗಿದ್ದ ಆಮ್ಲಜನಕವು ತೀರಿಹೋದದ್ದೇ ಆಗಿರುತ್ತದೆ. 2016ನೆಯ ಮಾರ್ಚಿಯಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗಲೂ ಆಮ್ಲಜನಕದ ಕೊರತೆಯೇ ಕಾರಣವೆಂದು ಹೇಳಲ್ಪಟ್ಟಿತು.

ಮೀನು ತನ್ನ ಕಿವಿರುಗಳಿಂದ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಹೀರಿ ಜೀವಿಸುತ್ತದೆ. ಈ ಬಂಡವಾಳವು ಬಹು ಸ್ವಲ್ಪವಾದದ್ದು. ಒಂದು ಲೀಟರು ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, 30 ಡಿಗ್ರಿ ಸೆಂಟಿಗ್ರೇಡ್ ಬಿಸಿಯುಳ್ಳ ಒಂದು ಲೀಟರು ನೀರು ಗಾಳಿಯಿಂದ ಪಡೆದು ಹಿಡಿದಿಟ್ಟುಕೊಳ್ಳಬಲ್ಲದ್ದು ಸುಮಾರು ಏಳು ಮಿಲಿಗ್ರಾಂ ಮಾತ್ರ. ನೀರು ಬಿಸಿಯಾದಷ್ಟೂ ಇದು ಇನ್ನೂ ಇಳಿಯುವುದು. ನೀರಿನಲ್ಲಿ ಬೆಳೆಯುವ ಸೂಕ್ಷ್ಮವಾದ ಪಾಚಿಯು ಹಗಲಿನ ಬಿಸಿಲಿನಲ್ಲಿ ಆಮ್ಲಜನಕವನ್ನು ಉತ್ಪತ್ತಿ ಮಾಡಿ ಕೊಡುತ್ತದೆ. ರಾತ್ರಿಯಲ್ಲಾದರೋ ಬೇರೆಲ್ಲ ಜೀವಿಗಳಂತೆ ತಾನೂ ಅದನ್ನೇ ಸೇವಿಸುತ್ತದೆ. ಆದುದರಿಂದ ಪಾಚಿ ದಟ್ಟವಾಗಿರುವ ಕೆರೆಯು ಮಧ್ಯಾಹ್ನದಲ್ಲಿ ಶ್ರೀಮಂತನಂತೆಯೂ ಬೆಳಗಿನ ಜಾವದಲ್ಲಿ ದಿವಾಳಿಯೆದ್ದವನಂತೆಯೂ ಇರುವುದು. ಮೋಡದ ದಿವಸ ಗಳಿಕೆ ಕಡಿಮೆ, ಖರ್ಚು ಮಾತ್ರ ಎಂದಿನಷ್ಟೇ.

ವಿಷವೋ ಉಸಿರಿನ ಕೊರತೆಯೋ ಎಂಬುದನ್ನು ಕೆಲವು ಲಕ್ಷಣಗಳಿಂದ ಊಹಿಸಬಹುದು. ಉಸಿರು ಕಟ್ಟಿ ಸಾಯುವಾಗ ಸಾಮಾನ್ಯವಾಗಿ ದೊಡ್ಡ ಮೀನುಗಳು ಮೊದಲು ಸಾಯುತ್ತವೆ. ಸಾವು ಬೆಳಗಿನ ಜಾವದಲ್ಲಿ ಸಂಭವಿಸುತ್ತದೆ. ಹಿಂದಿನ ದಿವಸ ನೀರು ಗಾಢವಾದ ಹಸುರಾಗಿದ್ದುದನ್ನು ಕಂಡವರಿರುತ್ತಾರೆ. ಕ್ರಿಮಿನಾಶಕವು ಸೇರಿದಲ್ಲಿ ಹೊತ್ತಿನ ನಿಯಮವಿಲ್ಲ. ಚಿಕ್ಕ ಮೀನುಗಳೂ ನೀರಿನ ಹುಳುಗಳೂ ಮೊದಲಾಗಿ ನಾಶವಾಗುವುವು. ಇವು ಊಹೆಗೆ ಸಹಾಯಕವೇ ಹೊರತು ತೀರ್ಪಲ್ಲ. ನೀರನ್ನು ಪರೀಕ್ಷೆ ಮಾಡಿಸದೆ ಒಬ್ಬನ ಮೇಲೆ ಅಪವಾದ ಹೊರಿಸುವುದು ಯುಕ್ತವಲ್ಲ.

ಪಾಚಿಗೆ ಇಷ್ಟು ಬಲ ಬರುವುದು ಯಾತರಿಂದ? ಕೆನಡಾ ದೇಶದ ಆಂಟೇರಿಯೊ ಪ್ರಾಂತದಲ್ಲಿ 1973ನೆಯ ಇಸವಿಯಲ್ಲಿ ವಿಜ್ಞಾನಿಗಳು ಒಂದು ಚಿಕ್ಕ ಸರೋವರವನ್ನು ಪರದೆಯಿಂದ ಎರಡು ಭಾಗ ಮಾಡಿ, ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕಗಳನ್ನೂ, ಇನ್ನೊಂದಕ್ಕೆ ಇವೆರಡರೊಡನೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಭಾಗವು ಹಸುರಾಯಿತು. ಮತ್ತೊಂದು ತಿಳಿಯಾಗಿಯೇ ಉಳಿಯಿತು. ಒಂದು ಸೇರು ರಂಜಕದಿಂದ ಸುಮಾರು ಐನೂರು ಸೇರು ಹಸಿ ಪಾಚಿ ಬೆಳೆಯಬಲ್ಲದೆಂದು ಲೆಕ್ಕವಿದೆ. ಐವತ್ತು ಕಿಲೋಗ್ರಾಮಿನ ಒಂದು ಚೀಲ ಡಿ.ಎ.ಪಿ. ಗೊಬ್ಬರದಲ್ಲಿ ಸುಮಾರು ಹತ್ತು ಕಿಲೋಗ್ರಾಂ ರಂಜಕವಿರುತ್ತದೆ. ಅದೆಲ್ಲವೂ ಕೆರೆಗೆ ಕೊಚ್ಚಿಹೋದರೆ ಐದು ಸಾವಿರ ಕಿಲೋಗ್ರಾಂ ಪಾಚಿಗೆ ಆಹಾರ! ದುಡ್ಡು ಕೊಟ್ಟು ತಂದ ಗೊಬ್ಬರವು ರಾಗಿಗೆ ದಕ್ಕದೆ ಪಾಚಿಗೆ ದಕ್ಕುವುದು ರೈತನಿಗೆ ಎರಡು ವಿಧದ ನಷ್ಟ.

ರಂಜಕವು ಮಣ್ಣಿನ ಕಣಗಳನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ, ಮುಂಗಾರಿನ ಮೊದಲ ದೊಡ್ಡ ಮಳೆಯಲ್ಲಿ ಕೊಚ್ಚಿ ಬರುವ ಕೆಮ್ಮಣ್ಣಿನೊಂದಿಗೆ ಕೆರೆಯನ್ನು ಸೇರುತ್ತದೆ. ಊರಿನ ಬಚ್ಚಲ ನೀರು, ತಿಪ್ಪೆಯ ರಸ, ಬಟ್ಟೆ ಒಗೆಯುವ ಸೋಪಿನ ಪುಡಿ, ಇವುಗಳದೂ ಪಾಲುಂಟು. ಹೀಗೆ ತಳದಲ್ಲಿ ಕೂತ ರಂಜಕವು ಅಲ್ಲಿಯೇ ಅಡಗಿರುವುದಿಲ್ಲ. ತಳದ ನೀರಿನಲ್ಲಿ ಆಮ್ಲಜನಕವು ಇಲ್ಲವಾದಾಗ ಕೆಸರಿನಿಂದ ಬಿಡಿಸಿಕೊಂಡು ಮತ್ತೆ ಮೇಲೇರುತ್ತದೆ. ಬೇಸಗೆಯಲ್ಲಿ ಕೆರೆಯ ಗೋಡನ್ನು ತೆಗೆದು ಹೊಲಗಳಿಗೆ ಹೊಡೆಯುತ್ತಿದ್ದ ಹಿಂದಿನವರ ಪದ್ಧತಿಯು ಕೆರೆಯ ಆಳವನ್ನು ಕಾಪಾಡಿದ್ದಲ್ಲದೆ ಈ ಸತ್ತ್ವವನ್ನೂ ಹೊಲಕ್ಕೆ ಹಿಂದಿರುಗಿಸುತ್ತಿದ್ದಿತು. ಕಾರ್ಖಾನೆಯ ಕೊಳಚೆ ಸೇರಿದ ಕೆರೆಯ ಗೋಡನ್ನು ಮಾತ್ರ ಪರೀಕ್ಷೆಯಿಲ್ಲದೆ ಹೊಲಕ್ಕೆ ಹಾಕಕೂಡದು.

ದನಕರುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಕೆಲವು ಜಾತಿಯ ನೀಲಿ ಹಸುರು ಪಾಚಿಗಳು ಬಣ್ಣ ಚೆಲ್ಲಿದಂತೆ ಕೆನೆಗಟ್ಟಿ ಗಾಳಿಯಿಂದ ಒಂದು ದಡಕ್ಕೆ ಸೇರುತ್ತವೆ. ಇವುಗಳಲ್ಲಿ ಪ್ರಬಲವಾದ ವಿಷವಿರಬಹುದು. ಇಂಥ ಕೆನೆಯನ್ನು ಕುಡಿದು ದನ ಕುರಿಗಳು ಸತ್ತುದನ್ನು ದಕ್ಷಿಣ ಆಸ್ಟ್ರೇಲಿಯದ ಅಲೆಕ್ಸಾಂಡ್ರಿನ ಸರೋವರದಿಂದ ಜಾರ್ಜ್ ಫ್ರಾನ್ಸಿಸ್ ಎಂಬುವರು 1878ರಲ್ಲಿಯೇ ವರದಿ ಮಾಡಿದರು. ಅಂಥ ನೀರನ್ನು ಕುದಿಸಿದರೂ ವಿಷ ಹೋಗದು. ಪಾಚಿಯನ್ನು ಕೊಲ್ಲಲು ಮೈಲುತುತ್ತವನ್ನು ಸುರಿಯುವುದೂ ಅಪಾಯವೇ: ಒಮ್ಮೆಗೇ ಸತ್ತ ಪಾಚಿ ಕೊಳೆಯುವಾಗ ಉಳಿದ ಆಮ್ಲಜನಕವನ್ನೂ ತಿಂದುಹಾಕುವುದು.

ಪಾಚಿಯು ಮಿತಿ ಮೀರುವುದನ್ನು ಮುಂಚಿತವಾಗಿ ತಿಳಿಯಲು ಪ್ರಯೋಗಶಾಲೆ ಬೇಕಿಲ್ಲ. 1865ರಲ್ಲಿ ಇಟಲಿಯ ಆಂಜೆಲೊ ಸೆಕ್ಕಿ ಎಂಬ ಪಾದ್ರಿಯು ಸಮುದ್ರದ ತಿಳಿಯನ್ನು ಬಿಳಿಯ ತಟ್ಟೆಗಳಿಂದ ಅಳೆದನು. ಸರೋವರಶಾಸ್ತ್ರಜ್ಞರು ಈಗಲೂ ಅದೇ ಉಪಾಯವನ್ನು ಬಳಸುವರು. ಎಂಟು ಅಂಗುಲ ಅಗಲದ ತಗಡಿನ ದುಂಡು ತಟ್ಟೆಯನ್ನು ನಾಲ್ಕು ಭಾಗ ಮಾಡಿ, ಎದುರುಬದುರು ಭಾಗಗಳಿಗೆ ಬಿಳುಪನ್ನೂ ಕಪ್ಪನ್ನೂ ಬಳಿಯಬೇಕು. ನಡುವೆ ತೂತು ಮಾಡಿ, ಎರಡೆರಡು ಅಂಗುಲಕ್ಕೊಂದು ಗಂಟು ಹಾಕಿದ ದಾರವನ್ನು ಪೋಣಿಸಿ, ಅಡಿಯಲ್ಲಿ ಒಂದು ಕಲ್ಲನ್ನು ಕಟ್ಟತಕ್ಕದ್ದು. ನಡುಹಗಲಿನಲ್ಲಿ ತೂಬಿನ ಬಳಿಯಿಂದಲಾಗಲಿ ತೆಪ್ಪದಿಂದಲಾಗಲಿ, ನೆರಳಿನ ಮಗ್ಗುಲಲ್ಲಿ, ನಿಧಾನವಾಗಿ ಇಳಿಯಬಿಟ್ಟು, ತಟ್ಟೆ ಮರೆಯಾಗುವ ಆಳವನ್ನೂ, ಮೇಲಕ್ಕೆಳೆದಾಗ ಮತ್ತೆ ಕಾಣುವ ಆಳವನ್ನೂ ನೋಡಿ ಎರಡರ ಸರಾಸರಿಯನ್ನು ಬರೆದುಕೊಳ್ಳಬೇಕು. ಮೀನು ಸಾಕುವ ಕೆರೆಯಲ್ಲಿ ಹನ್ನೆರಡರಿಂದ ಹದಿನೆಂಟು ಅಂಗುಲವಿದ್ದರೆ ಭಯವಿಲ್ಲ. ಹಸುರು ನೀರಿನಲ್ಲಿ ಎಂಟು ಅಂಗುಲಕ್ಕಿಂತ ಕಡಿಮೆಯಾದರೆ ಮೀನಿಗೆ ಮೇವನ್ನೂ ಕೆರೆಗೆ ಸಗಣಿಯನ್ನೂ ಹಾಕುವುದನ್ನು ನಿಲ್ಲಿಸಿ, ರಾತ್ರಿಯ ಹೊತ್ತು ಪಂಪಿನಿಂದ ನೀರನ್ನು ಎತ್ತಿ ಚಿಮ್ಮಿಸುವುದಕ್ಕೆ ಅಣಿಮಾಡಿಕೊಳ್ಳಬೇಕು. ಮಳೆಯ ಮಾರನೆಯ ದಿವಸದ ಕೆನ್ನೀರಿಗೆ ಈ ಅಂಕಿ ಅನ್ವಯಿಸದು. ಅಲ್ಲಿ ತಟ್ಟೆಯನ್ನು ಮರೆಸುವುದು ಮಣ್ಣು.

ಇಂಥ ಅಳತೆಯು ಪಂಡಿತರ ಕಡತದಲ್ಲಿ ಉಳಿಯದೆ ಜನರಿಗೆ ತಿಳಿದರೆ ಏನಾಗಬಹುದೆಂಬುದಕ್ಕೆ ಅಮೆರಿಕದ ಸಿಯಾಟಲ್ ನಗರದ ಮಗ್ಗುಲಲ್ಲಿರುವ ವಾಷಿಂಗ್ಟನ್ ಸರೋವರವು ಸಾಕ್ಷಿ. ಸುತ್ತಲಿನ ಊರುಗಳ ಕೊಳಚೆಯು ಅದಕ್ಕೆ ಬೀಳುತ್ತಿದ್ದಿತು. 1955ರಲ್ಲಿ ಕೆಡುಕನ್ನು ಸೂಚಿಸುವ ಪಾಚಿಯೊಂದು ಕಾಣಿಸಿಕೊಳ್ಳಲು, ಅಲ್ಲಿನ ವಿಶ್ವವಿದ್ಯಾನಿಲಯದ ಎಡ್‌ಮಂಡ್‌ಸನ್ ಎಂಬ ಪ್ರಾಧ್ಯಾಪಕರು ಮುಂದೇನಾಗುವುದೆಂಬುದನ್ನು ಪ್ರಶ್ನೋತ್ತರ ರೂಪದಲ್ಲಿ, ಯಾರಿಗೂ ಅರ್ಥವಾಗುವಂತೆ ನಾಗರಿಕರ ಮುಖಂಡರಿಗೆ ಬರೆದುಕೊಟ್ಟರು. ಕೊಳಚೆಯನ್ನು ಬೇರೆಡೆಗೆ ತಿರುಗಿಸುವ ಏರ್ಪಾಟು 1958ರ ಮಾರ್ಚಿಯ ಮತದಾನದಲ್ಲಿ ಬಿದ್ದುಹೋಗಿ, ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಂಗೀಕೃತವಾಯಿತು. ಖರ್ಚು ಹೆಚ್ಚಾಗಿ ಅಲ್ಲಿನ ನಿವಾಸಿಗಳದೇ. 1963ರಿಂದ 1968ರೊಳಗಾಗಿ ಕೊಳಚೆಯನ್ನು ತಿರುಗಿಸಲಾಯಿತು. ಆರಂಭದಲ್ಲಿ ಒಂದು ಮೀಟರಿನೊಳಗೇ ಮರೆಯಾಗುತ್ತಿದ್ದ ತಟ್ಟೆಯು ಮುಂದಿನ ದಶಕದಲ್ಲಿ ಹಲವು ಮೀಟರುಗಳ ಆಳದಲ್ಲಿಯೂ ಕಾಣತೊಡಗಿತು.

ಆದುದರಿಂದ ಊರಿನ ಮುಖಂಡರು ಶಾಲೆಯ ಉಪಾಧ್ಯಾಯರ ಸಹಾಯದಿಂದ ಹದಿನೈದು ದಿವಸಗಳಿಗೊಮ್ಮೆ, ಸಾಧ್ಯವಾದಷ್ಟೂ ಒಂದೇ ಸ್ಥಳದಲ್ಲಿ, ಈ ಅಳತೆಯನ್ನು ಮಾಡಿಸತಕ್ಕದ್ದು. ಪುಸ್ತಕದಲ್ಲಿ ತಾರೀಖು, ಹೊತ್ತು, ಅಂಗುಲ, ನೀರಿನ ಬಣ್ಣ, ಹಿಂದಿನ ವಾರದ ಮಳೆ, ಇಷ್ಟನ್ನು ಬರೆದರೆ ಸಾಕು. ಅದೇ ಅಂಕಿಯನ್ನು ಅರಳೀಕಟ್ಟೆಯ ಬಳಿ ಹಲಗೆಯ ಮೇಲೂ ಬರೆಸಬೇಕು. ಅಳತೆ ಇಳಿದ ದಿವಸ ಅದನ್ನು ಒರೆಸಬಾರದು.