ಗಾಯಕರು ಅಭ್ಯಾಸಕ್ಕೆ ಸಿದ್ಧರಾಗಿ ಬರತಕ್ಕ ವಿಷಯ

ಪಾಠ: 1 ಪೂರ್ವಕಾಲವೃತ್ತಾಂತ 25:1–8, 1 ಕೊರಿಂಥ 14:15

ಆದಿತ್ಯವಾರದ ಆರಾಧನೆಯಲ್ಲಿ ಹಾಡುವದು ಇಡೀ ಸಭೆಯ ಕೆಲಸವಾಗಿದೆ. ಆದರೂ ಸಭೆಯನ್ನು ಹಾಡಿನಲ್ಲಿ ನಡಿಸುವವರು ಮುಂಚಿತವಾಗಿ ಕೂಡಿ ಅಭ್ಯಾಸಮಾಡುವದು ಅವಶ್ಯ. ಆ ಅಭ್ಯಾಸಕ್ಕೆ ಹೇಗೆ ಸಿದ್ಧರಾಗಿ ಬರಬೇಕೆಂಬದನ್ನು ಈಗ ವಿಚಾರಿಸೋಣ.

ದಾವೀದನು ದೇವಾಲಯದ ಗಾನಸೇವೆಗಾಗಿ ಆಸಾಫ, ಹೇಮಾನ, ಯೆದುತೂನರ ಮಕ್ಕಳನ್ನು ನೇಮಿಸಿದನು. ಶಿಕ್ಷಣ ಹೊಂದಿದ ಗಾಯಕರ ಲೆಕ್ಕವು 288. ಅವರನ್ನು ಹನ್ನೆರಡು ಮಂದಿಯಂತೆ 24 ವರ್ಗಗಳಾಗಿ ವಿಭಾಗಿಸಿ ಚೀಟು ಹಾಕಿದಾಗ ಗುರು ಶಿಷ್ಯನೆಂಬ ಭೇದವಿರಲಿಲ್ಲ. ಇದರಿಂದ ನಾವು ಕಲಿಯುವದೇನಂದರೆ, ಒಳ್ಳೇ ಸ್ವರವುಳ್ಳವನಿಗೂ ಶಿಕ್ಷಣವು ಬೇಕು. ಶಿಕ್ಷಣವುಳ್ಳವನಿಗೂ ಹೆಮ್ಮೆಯು ಸಲ್ಲದು.

ಮೊದಲನೆಯದು, ಅರ್ಥವನ್ನು ತಿಳುಕೊಳ್ಳುವದು. ಹಾಡುವದು ಬುದ್ಧಿಯೊಡನೆ ಕೂಡಿರಬೇಕೆಂದು ಪೌಲನು ಕೊರಿಂಥದವರಿಗೆ ಬೋಧಿಸಿದನು. ಆದಕಾರಣ ಗೀತಗಳ ಸಂಖ್ಯೆಗಳನ್ನು ಸಭಾಪಾಲಕರಿಂದಾಗಲಿ ಉಪದೇಶಿಯಿಂದಾಗಲಿ ಬುಧವಾರದೊಳಗೆ ಕೇಳಿಕೊಂಡು, ಮನೆಯ ಪ್ರಾರ್ಥನೆಯಲ್ಲಿ ಒಂದೊಂದು ಚರಣವನ್ನು ರಾಗವಿಲ್ಲದೆ ನಿಧಾನವಾಗಿ ಓದಬೇಕು. ಕಿಟ್ಟೆಲ್ ಪಂಡಿತರು 1862ರಲ್ಲಿ ಪ್ರಕಟಿಸಿದ ಕಥಾಮಾಲೆಯಲ್ಲಿ ಕ್ರಿಸ್ತನ ಚರಿತ್ರೆಯು ಈ ದೇಶದ ಛಂದಸ್ಸಿನಲ್ಲಿಯೇ ಇದೆ. ಆದರೆ ನಮ್ಮ ಗೀತಗಳಲ್ಲಿ ಅನೇಕವು ಜರ್ಮನ್, ಇಂಗ್ಲಿಷ್ ರಾಗಗಳಿಗೆ ಹೊಂದಿಸಿದವುಗಳು. ಅಂಥ ರಾಗಗಳಲ್ಲಿ ಹ್ರಸ್ವವು ದೀರ್ಘವಾಗುವದೂ ಶಬ್ದವು ನಡುವೆ ತುಂಡಾಗುವದೂ ಉಂಟು. ಎಲ್ಲಿ ಉಸಿರು ತಕ್ಕೊಂಡರೆ ಅರ್ಥವು ಕೆಡದೆಂದು ಮೊದಲೇ ನೋಡಿಕೊಂಡು ಬರುವದು ಒಳ್ಳೇದು.

ಎರಡನೆಯದು, ಬಾಯಿಪಾಠ ಮಾಡುವದು. ಪೌಲಸೀಲರು ಫಿಲಿಪ್ಪಿಯ ಸೆರೆಮನೆಯಲ್ಲಿ ಮಧ್ಯರಾತ್ರಿ ಹಾಡಿದರು. ಅಧಿಕಾರಿಯು ದೀಪ ತರಹೇಳಿದ್ದು ಬಳಿಕವೇ. ಆದುದರಿಂದ ಅವರು ಹಾಡಿದ್ದು ಹೃದಯದಲ್ಲಿ ಇಟ್ಟುಕೊಂಡದ್ದನ್ನೇ. ಓದಲು ಬಾರದ ಸಹೋದರಿಯೂ ಹಿಂಜರಿಯಬೇಕಾಗಿಲ್ಲ. ನೆರೆಮನೆಯ ಓದುಬಲ್ಲ ಹುಡುಗನು ಒಂದೊಂದು ಸಾಲನ್ನು ಎರಡಾವರ್ತಿ ಹೇಳಿಕೊಡಲಿ. ಅವಳು ಬೀಸುವಾಗಲೂ ಕಳೆ ಕೀಳುವಾಗಲೂ ಅದನ್ನು ನೆನಸಿಕೊಳ್ಳಲಿ. ಪುಸ್ತಕವನ್ನೇ ನಂಬಿದವರಿಗಿಂತ ಇಂಥವರು ಅನೇಕಸಾರಿ ತಪ್ಪಿಲ್ಲದೆ ಹಾಡುತ್ತಾರೆ.

ಮೂರನೆಯದು, ಸಮಯವನ್ನೂ ಸಮಾಧಾನವನ್ನೂ ಕಾಯುವದು. ಒಬ್ಬನು ತಡಮಾಡಿದರೆ ಹೊಲದಿಂದ ದಣಿದು ಬಂದ ಹತ್ತು ಮಂದಿ ಕಾಯಬೇಕಾಗುವದು. ಕೊಯ್ಲಿನ ದಿನಗಳಲ್ಲಿ ಬರಲಾರದವನು ಮುಂದಾಗಿ ತಿಳಿಸಲಿ. ಮೊದಲು ಯಾರು ಎತ್ತಬೇಕು, ಹಾರ್ಮೋನಿಯಮ್ಮಿನ ಬಳಿ ಯಾರು ನಿಲ್ಲಬೇಕು ಎಂಬ ಜಗಳದಿಂದ ಎಷ್ಟೋ ಸಭೆಗಳಲ್ಲಿ ಸ್ತೋತ್ರವೇ ನಿಂತುಹೋಗುತ್ತದೆ. ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಸಹೋದರನ ಸಂಗಡ ಸಮಾಧಾನವಾಗಬೇಕೆಂದು ಕರ್ತನು ಕಲಿಸಿದ್ದಾನೆ. ಹಾಡೂ ಒಂದು ಕಾಣಿಕೆಯಲ್ಲವೋ?

ಇಷ್ಟು ಪ್ರಯಾಸವು ಯಾತಕ್ಕೆಂದು ಒಬ್ಬನು ಕೇಳಾನು. ಹಿಂದಿನ ಸಾಲಿನಲ್ಲಿ ಕೂತಿರುವ ಮುದುಕಿಯನ್ನು ನೆನಸಿರಿ. ಪ್ರಸಂಗದ ಬಹುಭಾಗವನ್ನು ಅವಳು ಮರೆತಾಳು. ಆದರೆ ಹಾಡಿನ ಒಂದು ಚರಣವನ್ನು ಬುತ್ತಿಯಂತೆ ಕಟ್ಟಿಕೊಂಡು ಮನೆಗೆ ಹೋಗುವಳು. ರೋಗದಲ್ಲಿಯೂ ಮರಣದ ಹಾಸಿಗೆಯಲ್ಲಿಯೂ ಅದೇ ಅವಳ ಬಾಯಿಗೆ ಬರುವದು. ನಾವು ಶಬ್ದಗಳನ್ನು ನುಂಗಿ ಹಾಡಿದರೆ ಅವಳ ಬುತ್ತಿಯನ್ನೇ ಕಸಕೊಂಡಂತಾಗುವದು.

ವಿಚಾರಿಸತಕ್ಕ ಪ್ರಶ್ನೆಗಳು:
1. ದಾವೀದನ ಗಾಯಕರಲ್ಲಿ ಗುರು ಶಿಷ್ಯರೆಂಬ ಭೇದವಿಲ್ಲದೆ ಚೀಟು ಹಾಕಿದ್ದರಿಂದ ನಮಗೇನು ಬುದ್ಧಿ?
2. ಬರುವ ಆದಿತ್ಯವಾರದ ಮೊದಲನೆಯ ಗೀತದ ಅರ್ಥವನ್ನು ನಿನ್ನ ಮಾತಿನಲ್ಲಿ ಹೇಳಬಲ್ಲಿಯೋ?
3. ನಮ್ಮ ಗಾಯಕರೊಳಗೆ ಸಮಾಧಾನವಾಗತಕ್ಕವರು ಯಾರಾದರೂ ಉಂಟೋ?