ರಾತ್ರಿಯ ಮೆಲಟೋನಿನ್ ಮತ್ತು ಗಂಡುಮಕ್ಕಳ ವಿಳಂಬಿತ ಪ್ರೌಢಾವಸ್ಥೆ

ಮೆದುಳಿನಲ್ಲಿರುವ ಪೀನಿಯಲ್ ಗ್ರಂಥಿಯು ಕತ್ತಲಾದ ಮೇಲೆ ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ; ಕಣ್ಣಿಗೆ ಬೆಳಕು ಬಿದ್ದರೆ ಈ ಸ್ರಾವ ಕುಗ್ಗುತ್ತದೆ. ಪ್ರೌಢಾವಸ್ಥೆಯ ಆರಂಭವೂ ರಾತ್ರಿಯಲ್ಲಿಯೇ. ಬಾಲಕನು ನಿದ್ರಿಸುತ್ತಿರುವಾಗ ಪಿಟ್ಯುಟರಿ ಗ್ರಂಥಿಯು ಎಲ್.ಎಚ್. ಹಾರ್ಮೋನನ್ನು ಅಲೆಅಲೆಯಾಗಿ ಬಿಡುಗಡೆ ಮಾಡಿ, ವೃಷಣಗಳಲ್ಲಿ ಟೆಸ್ಟೋಸ್ಟಿರೋನ್ ಉತ್ಪತ್ತಿಯನ್ನು ಪ್ರಚೋದಿಸುತ್ತದೆ.

ಕೆಲವರಲ್ಲಿ ಮೆದುಳಿನಿಂದ ಈ ಆದೇಶವೇ ಹೊರಡುವುದಿಲ್ಲ. ಅಂತಹ ಪುರುಷರಲ್ಲಿ ರಾತ್ರಿಯ ಮೆಲಟೋನಿನ್ ಹೆಚ್ಚಿರುವುದನ್ನೂ, ಟೆಸ್ಟೋಸ್ಟಿರೋನ್ ಚಿಕಿತ್ಸೆಯಿಂದ ಅದು ಇಳಿದುದನ್ನೂ 1990ರ ದಶಕದಲ್ಲಿ ಇಸ್ರೇಲಿನ ವೈದ್ಯರು ದಾಖಲಿಸಿದರು. ಈ ಏರಿಕೆಯು ಕೊರತೆಯ ಪರಿಣಾಮವೆಂದೇ ತೋರುತ್ತದೆ. ನಿದ್ರೆಗೆಂದು ಮಾರಾಟವಾಗುವ ಮೆಲಟೋನಿನ್ ಮಾತ್ರೆಯು ಇದಕ್ಕೆ ಔಷಧವಲ್ಲ.

14 ವರ್ಷ ತುಂಬಿದರೂ ಪ್ರೌಢಾವಸ್ಥೆಯ ಲಕ್ಷಣಗಳು ಕಾಣದಿದ್ದಲ್ಲಿ ಬಾಲಕನನ್ನು ವೈದ್ಯರಲ್ಲಿಗೆ ಕಳುಹಿಸತಕ್ಕದ್ದು. ಅನೇಕರಲ್ಲಿ ಇದು ಸಹಜ ವಿಳಂಬವಷ್ಟೆ. ಆದರೆ ಜೊತೆಗೆ ವಾಸನೆಯೂ ತಿಳಿಯದಿದ್ದರೆ ಕಾಲ್‌ಮನ್ ಸಿಂಡ್ರೋಮ್ ಇರುವ ಸಂಭವವುಂಟು. "ಮದುವೆ ಮಾಡಿದರೆ ಸರಿಹೋದೀತು" ಎಂಬ ಹಿರಿಯರ ಮಾತಿನಿಂದ ಎರಡು ಜೀವಗಳು ನೊಂದ ನಿದರ್ಶನಗಳು ಗ್ರಾಮಗಳಲ್ಲಿ ಅಪರೂಪವಲ್ಲ. ಮೆದುಳಿನ ಆದೇಶದ ಕೊರತೆಯಿರುವವರಲ್ಲಿ ಹಾರ್ಮೋನ್ ಚುಚ್ಚುಮದ್ದಿನಿಂದ ಅನೇಕರು ತಂದೆಯಾಗಲೂ ಸಾಧ್ಯ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ಶಾಲೆಗೆ ಬಂದಾಗ ಮಾನ್ಯ ಸದಸ್ಯರು ಪೋಷಕರಿಗೆ ಖಾಸಗಿಯಾಗಿ ತಿಳಿಸುವುದು. ಬಾಲಕನ ಹೆಸರನ್ನು ಗ್ರಾಮಸಭೆಯಲ್ಲಾಗಲಿ ನಡಾವಳಿಯಲ್ಲಾಗಲಿ ಪ್ರಸ್ತಾಪಿಸಕೂಡದು.