ಬದುಕಿದ ಸಸಿಗೆ ಸರಕಾರದ ನೆರವು



ಮುಂಗಾರು ಬಂತೆಂದರೆ ಶಾಲೆ, ಕಚೇರಿ, ದೇವಾಲಯಗಳ ಅಂಗಳದಲ್ಲಿ ಸಸಿ ನೆಡುವ ಸಂಭ್ರಮ. ಮುಂದಿನ ಬೇಸಿಗೆ ಕಳೆಯುವಷ್ಟರಲ್ಲಿ ಅವುಗಳಲ್ಲಿ ಎಷ್ಟು ಉಳಿದಿರುತ್ತವೆ? ರಾಯಚೂರು ಜಿಲ್ಲೆಯ ಮಟ್ಟಿಗೆ ಇದು ಗಂಭೀರವಾದ ಪ್ರಶ್ನೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿದರೂ ಇದು ಕಾಡು ತೀರ ಕಡಿಮೆಯಿರುವ, ಬೇಸಿಗೆಯಲ್ಲಿ 40 ಡಿಗ್ರಿ ದಾಟಿ ಬಿಸಿಲು ಕಾಯುವ ನಾಡು. ಮಾನ್ವಿಗೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ ಇವೆ. ಆದರೆ ಕಾಲುವೆಯ ನೀರು ಮುಟ್ಟದ ಹೊಲಗಳೂ ಬಹಳ. ಅಂಥ ಕಡೆ ಒಂದು ಬೇವಿನ ಮರದ ನೆರಳು ಎಂದರೆ ದುಡಿದು ದಣಿದವರಿಗೆ ಆಸರೆ, ದನಕರುಗಳಿಗೂ ಆಸರೆ.

ಮರ ಬೆಳೆಸುವವರಿಗೆ ಸರಕಾರದ ನೆರವು ಇದೆಯೇ? ಇದೆ. ಅದನ್ನು ಹೇಗೆ ಪಡೆಯಬೇಕೆಂದು ಈ ವಾರ ತಿಳಿಯೋಣ.

ಸ್ವಂತ ಹೊಲದಲ್ಲಿ

ಕರ್ನಾಟಕ ಅರಣ್ಯ ಇಲಾಖೆ 2011-12ರಲ್ಲಿ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯನ್ನು ಆರಂಭಿಸಿತು. ರೈತರು ಇಲಾಖೆಯ ಸಸ್ಯಕ್ಷೇತ್ರದಿಂದ ರಿಯಾಯಿತಿ ದರದಲ್ಲಿ ಸಸಿ ಕೊಂಡು ತಮ್ಮ ಹೊಲದಲ್ಲೋ ಬದುವಿನಲ್ಲೋ ನೆಡಬೇಕು. ಇಲಾಖೆಯವರು ಬಂದು ಬದುಕಿರುವ ಸಸಿಗಳನ್ನು ಎಣಿಸುತ್ತಾರೆ. ಮುಂದೆ ಪರಿಷ್ಕರಿಸಿದ ದರದಂತೆ, ಬದುಕಿದ ಪ್ರತಿ ಸಸಿಗೆ ಮೊದಲ ವರ್ಷದ ಕೊನೆಗೆ 35, ಎರಡನೆಯ ವರ್ಷ 40, ಮೂರನೆಯ ವರ್ಷ 50 ರೂಪಾಯಿ; ಒಟ್ಟು 125 ರೂಪಾಯಿ. ನೀಲಗಿರಿಯಂಥ ಕೆಲವು ಜಾತಿಗಳಿಗೆ ಈ ಹಣ ಸಿಗುವುದಿಲ್ಲ.

ಒಂದು ಲೆಕ್ಕ ನೋಡಿ. ಒಬ್ಬ ರೈತ 100 ಸಸಿ ನೆಟ್ಟ ಎನ್ನೋಣ. ಮೊದಲ ವರ್ಷ 80, ಎರಡನೆಯ ವರ್ಷ 75, ಮೂರನೆಯ ವರ್ಷ 70 ಉಳಿದರೆ ಅವನಿಗೆ 2,800, 3,000, 3,500, ಅಂದರೆ ಒಟ್ಟು 9,300 ರೂಪಾಯಿ. ಮೊದಲ ಬೇಸಿಗೆಯಲ್ಲೇ 80 ಸತ್ತು 20 ಮಾತ್ರ ಉಳಿದವನಿಗೆ ಮೂರು ವರ್ಷಕ್ಕೆ 2,500 ರೂಪಾಯಿ. ಇಬ್ಬರೂ ತೋಡಿದ ಗುಂಡಿಗಳು ಅಷ್ಟೇ. ಇಲ್ಲಿ ಹಣ ಬರುವುದು ನೆಟ್ಟದ್ದಕ್ಕಲ್ಲ, ಬದುಕಿಸಿದ್ದಕ್ಕೆ. ಇದು ನ್ಯಾಯವಾದ ನಿಯಮ.

ಆದರೆ ಇದೇ ನಿಯಮ ಬಡವರಿಗೆ ಕಠಿಣವೂ ಹೌದು. ಬೇಸಿಗೆಯಲ್ಲಿ ಗುಳೆ ಹೋಗುವ ಕುಟುಂಬದ ಸಸಿಗೆ ನೀರು ಹಾಕುವವರು ಯಾರು? ಹಣ ಬರುವುದು ವರ್ಷ ಕಳೆದ ಮೇಲೆ. ನೀರು ಬೇಕಾದದ್ದು ಈಗ. ಇಂಥಲ್ಲಿ ನೆರೆಹೊರೆಯ ನಾಲ್ಕಾರು ಮನೆಯವರು ಒಪ್ಪಂದ ಮಾಡಿಕೊಂಡು ಸರದಿಯ ಮೇಲೆ ನೀರು ಹಾಕಿದರೆ ಸಸಿಯೂ ಉಳಿಯುತ್ತದೆ, ಬರಬೇಕಾದ ಹಣವೂ ಉಳಿಯುತ್ತದೆ.

ಊರ ಜಾಗದಲ್ಲಿ

ರಸ್ತೆಯ ಬದಿ, ಕೆರೆಯ ದಂಡೆ, ಶಾಲೆಯ ಅಂಗಳ ಇವು ಎಲ್ಲರ ಜಾಗ. 1993ರ ಸರಕಾರಿ ಆದೇಶದ ನಂತರ ಜನರೂ ಅರಣ್ಯ ಇಲಾಖೆಯೂ ಕೂಡಿ ಕಾಡು ಬೆಳೆಸಲು ಗ್ರಾಮ ಅರಣ್ಯ ಸಮಿತಿಗಳು ರಾಜ್ಯದಲ್ಲಿ ಹುಟ್ಟಿದವು. 2006ರ ಫೆಬ್ರವರಿಯಲ್ಲಿ ಉದ್ಯೋಗ ಖಾತರಿ ಯೋಜನೆ ದೇಶದ 200 ಜಿಲ್ಲೆಗಳಲ್ಲಿ ಮೊದಲಾದಾಗ ಅವುಗಳಲ್ಲಿ ರಾಯಚೂರೂ ಇತ್ತು. ಗುಂಡಿ ತೋಡಿ ಸಸಿ ನೆಡುವ ಕೆಲಸಕ್ಕೂ ಅದರಲ್ಲಿ ಕೂಲಿ ದೊರೆಯಿತು. ಊರ ಮರಗಳಿಗೆ ಹಣ ಕೇಳುವ ಜಾಗ ಗ್ರಾಮಸಭೆ. ಅಲ್ಲಿ "ಸಸಿ ಕೊಡಿ" ಎಂದಷ್ಟೇ ಕೇಳಬೇಡಿ. ಬೇಲಿ ಮತ್ತು ಬೇಸಿಗೆಯ ನೀರಿನ ಖರ್ಚನ್ನೂ ಕ್ರಿಯಾಯೋಜನೆಯಲ್ಲಿ ಬರೆಸಿರಿ.

2025ರ ನವೆಂಬರ್‌ನಲ್ಲಿ ನಮ್ಮನ್ನಗಲಿದ ಸಾಲುಮರದ ತಿಮ್ಮಕ್ಕನವರನ್ನು ನೆನೆಯಿರಿ. ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ಅವರೂ ಅವರ ಪತಿಯೂ ಆಲದ ಸಸಿಗಳನ್ನು ನೆಟ್ಟರು, ಕೊಡ ಹೊತ್ತು ನೀರುಣಿಸಿದರು, ದನಗಳು ಮೇಯದಂತೆ ಮುಳ್ಳು ಕಟ್ಟಿದರು. ಯಾವ ಯೋಜನೆಯ ಹಣವೂ ಇಲ್ಲದೆ ಬೆಳೆದ ಸಾಲು ಅದು. ಹಣವಿದ್ದರೂ ಆ ಕೊಡ ಹೊರುವ ಕೆಲಸ ಯಾರಾದರೂ ಮಾಡಲೇಬೇಕು.

ಮಾಡಬೇಕಾದದ್ದು

1. ಮಳೆಗಾಲಕ್ಕೆ ಮೊದಲೇ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗಿ ಆ ವರ್ಷದ ದರ, ದೊರೆಯುವ ಸಸಿಗಳು, ಬೇಕಾದ ಕಾಗದಪತ್ರಗಳನ್ನು ವಿಚಾರಿಸಿರಿ.
2. ಪಹಣಿ, ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್ ಸಿದ್ಧವಿರಲಿ. ಸಸಿ ಕೊಂಡ ರಸೀದಿಯನ್ನು ಜೋಪಾನವಾಗಿಡಿ.
3. ನೀರು ಹಾಕಲು ಸಾಧ್ಯವಾಗುವಷ್ಟೇ ಸಸಿ ತನ್ನಿರಿ. ಬೇವು, ಹೊಂಗೆ, ಹುಣಸೆ ನಮ್ಮ ಬಿಸಿಲನ್ನು ತಾಳುತ್ತವೆ.
4. ಆಡು, ಕುರಿ ಬಾಯಿ ಹಾಕದಂತೆ ಜಾಲಿಮುಳ್ಳಿನ ಬೇಲಿ ಕಟ್ಟಿರಿ.

ಮನೆಮಂದಿ ಕೂಡಿ ಚರ್ಚಿಸಲು

1. ಕಳೆದ ವರ್ಷ ನಮ್ಮೂರಲ್ಲಿ ನೆಟ್ಟ ಸಸಿಗಳಲ್ಲಿ ಎಷ್ಟು ಬದುಕಿವೆ? ಮಕ್ಕಳೊಡನೆ ಹೋಗಿ ಎಣಿಸಿ ಬರೋಣವೇ?
2. ಗುಳೆ ಹೋದ ನೆರೆಯವರ ಸಸಿಗೆ ಈ ಬೇಸಿಗೆಯಲ್ಲಿ ನೀರು ಹಾಕುವವರು ನಮ್ಮ ಮನೆಯಲ್ಲಿ ಯಾರು?